ಮುಖಕ್ಕೆ ಆಲ್ಬಮ್ ಇದೆ, ದನಿಗೆ ಏನಿದೆ?

ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸೋದು ಹೇಗೆ ಅಂತ ಇತ್ತೀಚೆಗೆ ಬಹಳ ಜನ ನನ್ನನ್ನು ಕೇಳುತ್ತಿದ್ದಾರೆ. ಸಾಫ್ಟ್‌ವೇರಿನವನು ಅಂದಮೇಲೆ ಮಿಕ್ಸಿಯಿಂದ ಹಿಡಿದು ಮೋಟರಿನ ತನಕ ಎಲ್ಲ ರಿಪೇರಿ ಗೊತ್ತಿರಬೇಕು ಅನ್ನೋದು ನಮ್ಮ ಕಡೆ ಜನರ ನಂಬಿಕೆ, ಇರಲಿ ಬಿಡಿ :-) ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಎಚ್‌ಡಿ ಆಗ್ತದೇನು?", "ಬಣ್ಣ ಸರಿ ಮಾಡಬಹುದಾ?", "ಮಸುಕಾದ ಮುಖ ಸ್ವಚ್ಛ ಮಾಡೋ ಆಪ್ ಬಂದದಂತಲ್ಲ?" ಇಲ್ಲಿಯವರೆಗೆ ಒಬ್ಬರೂ "ಅದರಾಗಿನ ಮಾತು ಪೂರ್ತಿ ಬರ್ತದೇನು?" ಅಂತ ಕೇಳಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಮನೆಯ ಹಳೆಯ ಟೇಪುಗಳಲ್ಲಿ ಮೊದಲು ಉಳಿಸಬೇಕಾದದ್ದು ಚಿತ್ರವನ್ನಲ್ಲ, ದನಿಯನ್ನು. ಯಾಕೆಂದರೆ ಅಜ್ಜನ ಮುಖ ನೋಡಬೇಕು ಅನ್ನಿಸಿದರೆ ಗೋಡೆಯ ಮೇಲೆ ಫೋಟೋ ಇದೆ, ಮದುವೆ ಆಲ್ಬಮ್ಮಿದೆ, ಏನಿಲ್ಲವೆಂದರೂ ರೇಷನ್ ಕಾರ್ಡಿನಲ್ಲಾದರೂ ಒಂದು ಚಿತ್ರ ಇರುತ್ತದೆ. ಅಜ್ಜ ಹೇಗೆ ಕೆಮ್ಮುತ್ತಿದ್ದ, ಮೊಮ್ಮಗನನ್ನು ಯಾವ ಹೆಸರಿಂದ ಕರೆಯುತ್ತಿದ್ದ, ಸಿಟ್ಟು ಬಂದಾಗ ಯಾವ ಬೈಗುಳ ಬೈಯುತ್ತಿದ್ದ ಅನ್ನೋದಕ್ಕೆ ಎಲ್ಲಿ ಹೋಗುತ್ತೀರಿ? ಮೊಬೈಲು ಬರುವ ಮುಂಚೆ ತೀರಿಕೊಂಡ ನಮ್ಮ ಹಿರಿಯರ ದನಿ ಇರೋದಾದರೆ ಆ ಕಪ್ಪು ಟೇಪಿನಲ್ಲಿ ಮಾತ್ರ.

ಅವಸರ ಯಾಕೆ ಅಂತೀರಾ? ಟೇಪು ಹಾಳಾಗೋದಕ್ಕಿಂತ ಬೇಗ ಅದನ್ನು ಓದುವ ಯಂತ್ರಗಳು ಕಾಣೆಯಾಗುತ್ತಿವೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಮಿನಿಡಿವಿ ಕ್ಯಾಮೆರಾಗಳನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಅನ್ನೋ ಕೇಬಲ್ಲನ್ನು ಹುಟ್ಟುಹಾಕಿದವರಲ್ಲಿ ಮುಖ್ಯವಾದ ಆಪಲ್ ಕಂಪನಿಯೇ 2025ರ ತನ್ನ ಮ್ಯಾಕ್‌ಓಎಸ್ ಟಾಹೋದಲ್ಲಿ ಅದರ ಬೆಂಬಲ ತೆಗೆದುಹಾಕಿದೆ. ಯುನೆಸ್ಕೋದವರು ಧ್ವನಿ-ದೃಶ್ಯ ದಾಖಲೆಗಳ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ 2019ರಲ್ಲಿ ಮ್ಯಾಗ್ನೆಟಿಕ್ ಟೇಪ್ ಅಲರ್ಟ್ ಅನ್ನೋ ಯೋಜನೆಯನ್ನೇ ಶುರು ಮಾಡಿದರು. 2025ರ ಹೊತ್ತಿಗೆ ಟೇಪು ಓದುವ ಯಂತ್ರ, ಬಿಡಿಭಾಗ, ಬಲ್ಲ ಕೈಗಳು ಎಲ್ಲ ಅಪರೂಪವಾಗುತ್ತವೆ ಅನ್ನೋದು ಅವರ ಎಚ್ಚರಿಕೆ. ಆ ವರ್ಷವೂ ಬಂದಾಯಿತು.

ಇಷ್ಟೆಲ್ಲ ಗೊತ್ತಿದ್ದವರು ಕೂಡ ಕ್ಯಾಸೆಟ್ಟನ್ನು ಸ್ಟುಡಿಯೋಗೆ ಕೊಟ್ಟು, ಪೆನ್‌ಡ್ರೈವ್ ತಂದು, ಒಂದು ಸಲ ಟಿವಿಗೆ ಚುಚ್ಚಿ ನೋಡಿ, "ಆಯ್ತು" ಅಂತಾರೆ. ಆಗಿರೋದಿಲ್ಲ. ಯಾಕೆ ಅಂತ ಹೇಳಲು ನಮ್ಮ ಕಡೆ ಕ್ಯಾಮೆರಾ ಹೇಗೆ ಬಂತು ಅನ್ನೋದನ್ನು ಸ್ವಲ್ಪ ಹೇಳಬೇಕು.

ನಮ್ಮ ಅವ್ವನ ತವರು ಹುಲಿಗಿ. ಕೊಪ್ಪಳ ತಾಲೂಕು, ಮುನಿರಾಬಾದಿನ ಪಕ್ಕ, ತುಂಗಭದ್ರೆಯ ದಂಡೆ. ಹುಲಿಗೆಮ್ಮನ ಗುಡಿಯಿಂದಾಗಿ ಊರಿನ ಹೆಸರು ಕರ್ನಾಟಕವಷ್ಟೇ ಅಲ್ಲ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದವರಿಗೂ ಗೊತ್ತು. ತೊಂಬತ್ತರ ದಶಕದಲ್ಲಿ ಅಲ್ಲಿ ಸ್ವಂತ ಕ್ಯಾಮೆರಾ ಇದ್ದ ಮನೆ ಎಲ್ಲಿ ಬರಬೇಕು? ವಿಡಿಯೋ ಅಂದರೆ ಮದುವೆ, ಮದುವೆ ಅಂದರೆ ಸ್ಟುಡಿಯೋದವರು. ಭುಜದ ಮೇಲೆ ದೊಡ್ಡ ವಿಎಚ್‌ಎಸ್ ಕ್ಯಾಮೆರಾ ಹೊತ್ತ ಒಬ್ಬ, ಕಣ್ಣು ಕುಕ್ಕುವ ಲೈಟು ಹಿಡಿದು ಹಿಂದೆ ಓಡಾಡುವ ಒಬ್ಬ ಹುಡುಗ. ಆ ಲೈಟು ಮುಖಕ್ಕೆ ಬಿದ್ದ ಕೂಡಲೇ ಮಾತಾಡುತ್ತಿದ್ದವರೆಲ್ಲ ಮಾತು ನಿಲ್ಲಿಸಿ ಸೆಟೆದು ಕೂಡೋರು. ಇನ್ನೊಂದು ಬಗೆಯ ಟೇಪು ಬಂದದ್ದು ಆಮೇಲೆ. ದುಬೈಗೋ ಅಮೆರಿಕಕ್ಕೋ ಹೋದ ನೆಂಟರು ರಜೆಗೆ ಬರುವಾಗ ತರುತ್ತಿದ್ದ, ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾದ್ದು.

ಮದುವೆ ಟೇಪಿನ ಕಥೆ ಮೊದಲು. ಆಗ "ಮಿಕ್ಸಿಂಗ್" ಅಂತ ಒಂದಿತ್ತು, ನೆನಪಿದೆಯಾ? ಹೃದಯದ ಆಕಾರದೊಳಗೆ ಮದುಮಕ್ಕಳು, ತಿರುಗುವ ಗುಲಾಬಿ, ಮುಚ್ಚಿ ತೆರೆಯುವ ಪುಸ್ತಕ... ಇವೆಲ್ಲದರ ಜೊತೆಗೆ ಮೊದಲಿಂದ ಕೊನೆಯವರೆಗೆ ಸಿನಿಮಾ ಹಾಡು. ಹಾಡು ಎಷ್ಟು ಜಾಸ್ತಿಯೋ ಮಿಕ್ಸಿಂಗ್ ಅಷ್ಟು ಚೆಂದ ಅನ್ನೋ ಕಾಲ ಅದು. ಕ್ಯಾಮೆರಾದಲ್ಲಿದ್ದ ಮೂಲ ಟೇಪನ್ನು ಬಹಳಷ್ಟು ಕಡೆ ಮುಂದಿನ ಮದುವೆಗೆ ಬಳಸಿಬಿಡುತ್ತಿದ್ದರು. ಮನೆಗೆ ಬರುತ್ತಿದ್ದದ್ದು ಮಿಕ್ಸಿಂಗ್ ಆದ ಪ್ರತಿ ಮಾತ್ರ. ಸ್ಟುಡಿಯೋದವರ ತಪ್ಪು ಅಂತ ಹೇಳೋಕೂ ಬರೋದಿಲ್ಲ, ಮನೆಯವರೇ ಬೇಕು ಅಂತ ಹಾಕಿಸಿಕೊಳ್ಳುತ್ತಿದ್ದರು.

ನಮ್ಮ ಅವ್ವ-ಅಪ್ಪನ ಮದುವೆ ಕ್ಯಾಸೆಟ್ಟೂ ಹೀಗೇ. ಸುರಗಿ ಸುತ್ತುವಾಗ ನಮ್ಮ ಅಜ್ಜಿ, ಅವಳ ಓರಗಿತ್ತಿಯರು, ಓಣಿಯ ಹೆಂಗಸರು ಸಾಲಾಗಿ ನಿಂತು ಸೋಬಾನ ಹಾಡುತ್ತಿದ್ದಾರೆ. ಬಾಯಿ ಆಡುವುದು ಚೆನ್ನಾಗಿ ಕಾಣುತ್ತದೆ. ಕೇಳಿಸುವುದು ಮಾತ್ರ ಒಂದು ಹಿಂದಿ ಸಿನಿಮಾದ ಹಾಡು! ಆ ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಏಳೆಂಟು ಸೆಕೆಂಡು ನಿಜವಾದ ಸದ್ದು ಹೊರಗೆ ಬರುತ್ತದೆ. ಅಷ್ಟರಲ್ಲಿ ಒಂದು ಸಾಲು ಸೋಬಾನ, ಯಾರದೋ ನಗು, ಮತ್ತೆ ಸಿನಿಮಾ. ಮೂರು ಗಂಟೆಯ ಟೇಪಿನಲ್ಲಿ ನಮಗೆ ಉಳಿದ ಮದುವೆಯ ದನಿ ಇಷ್ಟೇ. ಆ ಪದ ಪೂರ್ತಿ ಗೊತ್ತಿದ್ದವರು ಈಗ ಮನೆಯಲ್ಲಿ ಯಾರೂ ಇಲ್ಲ. ಅಂದಹಾಗೆ ಈ ವಿಡಿಯೋವನ್ನು ನೆಂಟರಿಗೆ ತೋರಿಸೋಣ ಅಂತ ಅಂತರ್ಜಾಲಕ್ಕೆ ಏರಿಸಿದರೆ ಹಾಡಿನ ಕಾಪಿರೈಟ್ ತಕರಾರು ಬಂತು. ನಮ್ಮವ್ವನ ಮದುವೆಯ ಹಕ್ಕು ಮುಂಬಯಿಯ ಯಾವುದೋ ಕಂಪನಿಯ ಕೈಲಿದೆ ಅಂತ ಆವಾಗ ಗೊತ್ತಾಯಿತು :-)

ಹಾಗಾದರೆ ಹಾಡಿನ ಕೆಳಗೆ ಹೂತುಹೋದ ಮಾತು ಪೂರ್ತಿ ಹೋಯಿತೇ? ಯಾವಾಗಲೂ ಅಲ್ಲ. ಸ್ವಲ್ಪ ತಾಂತ್ರಿಕ ವಿಷಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಿಎಚ್‌ಎಸ್ ಟೇಪಿನಲ್ಲಿ ದನಿ ಕೂರುವ ಜಾಗ ಎರಡು. ಒಂದು ಟೇಪಿನ ಅಂಚಿನುದ್ದಕ್ಕೂ ಇರುವ ಸಣ್ಣ ಪಟ್ಟಿ. ಹಾಡಿನ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಿದರೆ, ನಮ್ಮ ಪಾಲ್ ಪದ್ಧತಿಯ ವಿಎಚ್‌ಎಸ್‌ನಲ್ಲಿ 2.34 ಸೆಂಟಿಮೀಟರ್ ಮಾತ್ರ, ಅಂದರೆ ಅರ್ಧ ವೇಗ. ಹಾಗಾಗಿ ಈ ಪಟ್ಟಿಯ ಸದ್ದು ಕಂಬಳಿ ಹೊದ್ದು ಮಾತಾಡಿದ ಹಾಗೆ ಇರುತ್ತದೆ. ಎರಡನೆಯದು ಹೈಫೈ. ಇದನ್ನು ತಿರುಗುವ ಡ್ರಮ್ಮಿನ ತಲೆಗಳು ಚಿತ್ರದ ಅಡಿಯಲ್ಲೇ, ಟೇಪಿನ ಇನ್ನಷ್ಟು ಆಳದಲ್ಲಿ ಬರೆದಿರುತ್ತವೆ. ಇದರ ಗುಣಮಟ್ಟ ಬಹಳ ಮೇಲು. ಮಜಾ ಏನೆಂದರೆ, ಆಮೇಲೆ ಹಾಡು ತುಂಬಿಸುವ ಆಡಿಯೋ ಡಬ್ ಸೌಲಭ್ಯ ಅಂಚಿನ ಪಟ್ಟಿಯನ್ನು ಮಾತ್ರ ಅಳಿಸಿ ಬರೆಯಬಲ್ಲದು. ಹೈಫೈ ದನಿ ಚಿತ್ರದ ಜೊತೆ ಹೆಣೆದುಕೊಂಡಿರುವುದರಿಂದ ಚಿತ್ರ ಕೆಡಿಸದೆ ಅದನ್ನು ಮುಟ್ಟಲಾಗದು. ಅಂದರೆ ಕ್ಯಾಮೆರಾ ಹೈಫೈನದಾಗಿದ್ದು, ಅದೇ ಟೇಪಿಗೆ ಹಾಡು ತುಂಬಿಸಿದ್ದರೆ, ಮೂಲದ ಮಾತು ಕೆಳಗೆ ಹಾಗೇ ಇರಬಹುದು! ಮಾಮೂಲಿ ಮೊನೋ ವಿಸಿಆರಿಗೆ ಅದು ಕೇಳಿಸುವುದಿಲ್ಲ. ಹೈಫೈ ವಿಸಿಆರಿನಲ್ಲಿ ಹಾಕಿ ಹೈಫೈ, ನಾರ್ಮಲ್ ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು. ನಮ್ಮ ಮದುವೆ ಕ್ಯಾಸೆಟ್ಟಿನಂತೆ ಬೇರೆ ಟೇಪಿಗೆ ಮಾಡಿದ ಪ್ರತಿಯಲ್ಲಿ ಈ ಅದೃಷ್ಟ ಇರುವುದಿಲ್ಲ.

ಮಿನಿಡಿವಿಯದು ಇದಕ್ಕಿಂತ ಒಳ್ಳೆಯ ಸುದ್ದಿ. ಅದರಲ್ಲಿ ದನಿಯನ್ನು 16 ಬಿಟ್ ಅಥವಾ 12 ಬಿಟ್ ಎರಡು ರೀತಿ ಬರೆಯಬಹುದು. ಮನೆಬಳಕೆಯ ಬಹಳಷ್ಟು ಕ್ಯಾಮೆರಾಗಳು 12 ಬಿಟ್ಟಿನಲ್ಲೇ ಇರುತ್ತಿದ್ದವು. ಆ ರೀತಿಯಲ್ಲಿ ಎರಡು ಜೊತೆ ಸ್ಟೀರಿಯೋ ಇರುತ್ತದೆ. ಮೊದಲ ಜೊತೆಯಲ್ಲಿ ಕ್ಯಾಮೆರಾ ಕೇಳಿಸಿಕೊಂಡ ಮೂಲ ಸದ್ದು, ಎರಡನೆಯ ಜೊತೆ ಖಾಲಿ, ನೀವು ಆಮೇಲೆ ಹಾಡೋ ಮಾತೋ ಸೇರಿಸಿಕೊಳ್ಳಲಿ ಅಂತ.

ನಮ್ಮ ಸೋದರಮಾವ 2003ರ ಹುಲಿಗಿ ಜಾತ್ರೆಯಲ್ಲಿ ಮಿನಿಡಿವಿಯಲ್ಲಿ ಒಂದು ಗಂಟೆ ಚಿತ್ರ ತೆಗೆದಿದ್ದರು. ಆಮೇಲೆ ಅದಕ್ಕೆ ಒಂದು ಭಕ್ತಿಗೀತೆಯ ಕ್ಯಾಸೆಟ್ಟು ತುಂಬಿಸಿದ್ದರು. ಮನೆಯಲ್ಲಿ ಎಲ್ಲರೂ ಇಷ್ಟು ವರ್ಷ ನೋಡುತ್ತಿದ್ದದ್ದು ಒಂದು ಸ್ಟುಡಿಯೋದವರು ಅದನ್ನು ಇಳಿಸಿಕೊಟ್ಟ ವಿಸಿಡಿ. ಅದರಲ್ಲಿ ಭಕ್ತಿಗೀತೆ ಬಿಟ್ಟರೆ ಬೇರೇನೂ ಕೇಳಿಸೋದಿಲ್ಲ. ಹೋದ ಸಲ ಊರಿಗೆ ಹೋದಾಗ ಮೂಲ ಟೇಪನ್ನು ಹಳೆಯ ಕ್ಯಾಮೆರಾಕ್ಕೆ ಹಾಕಿ, ಫೈರ್‌ವೈರ್ ಇರುವ ಒಂದು ಹಳೆಯ ಲ್ಯಾಪ್‌ಟಾಪಿಗೆ ಇಳಿಸಿ, ಮೊದಲ ಜೊತೆಯ ಸದ್ದನ್ನು ಮಾತ್ರ ಹಚ್ಚಿದೆ. ಒಂದೈದು ನಿಮಿಷ ಜಾತ್ರೆಯ ಗದ್ದಲ. ಆಮೇಲೆ ಕ್ಯಾಮೆರಾದ ತೀರಾ ಹತ್ತಿರದಿಂದ, "ಏ ತಮ್ಮಾ, ಬಿಸಲಾಗ ನಿಂದ್ರಬ್ಯಾಡೋ, ಈಕಡೆ ಬಾ..."

ಅಡುಗೆಮನೆಯಲ್ಲಿದ್ದ ಅವ್ವ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. "ಇದು ನಮ್ಮವ್ವನ ದನಿ ಅಲ್ಲೇನೋ?"

ಚಿತ್ರದಲ್ಲಿ ಅಜ್ಜಿ ಇಲ್ಲವೇ ಇಲ್ಲ. ಆ ಹೊತ್ತಿಗೆ ಮಾವ ತೇರಿನ ಕಡೆ ಕ್ಯಾಮೆರಾ ಹಿಡಿದಿದ್ದಾರೆ. ಬಿಸಿಲಲ್ಲಿ ನಿಂತ ತಮ್ಮ ನಾನೇ ಇರಬೇಕು, ಆಗ ನನಗೆ ಆರು ವರ್ಷ. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಚಿತ್ರ ಮಾತ್ರ ನೋಡಿ "ಇದರಲ್ಲಿ ಅಮ್ಮ ಇಲ್ಲ" ಅಂತ ಯಾರಾದರೂ ಈ ಟೇಪು ಎಸೆದಿದ್ದರೆ? ವಿಸಿಡಿ ಇದೆಯಲ್ಲ ಅಂತ ಅಟ್ಟ ಸ್ವಚ್ಛ ಮಾಡುವಾಗ ಕೊಟ್ಟುಬಿಟ್ಟಿದ್ದರೆ?

ಈ ಟೇಪಿನಲ್ಲಿ ಇನ್ನೂ ಏನೇನಿದೆ ಕೇಳಿ. "ಉಧೋ ಉಧೋ" ಅನ್ನುವ ಕೂಗು, ಜೋಗತಿಯರ ಚೌಡಿಕೆ, ತೆಂಗಿನಕಾಯಿ ಒಡೆಯುವ ಸದ್ದು, "ಹೊಸಪೇಟಿ, ಹೊಸಪೇಟಿ" ಅಂತ ಕೂಗುವ ಗಾಡಿಯವರು, ಬಳೆ ಅಂಗಡಿಯ ಚೌಕಾಸಿ, ತೆಲುಗು ಬೆರೆತ ಕನ್ನಡ, ಕನ್ನಡ ಬೆರೆತ ಮರಾಠಿ. ಹುಲಿಗಿ ಜೋಗತಿ ಪರಂಪರೆಗೆ ದೊಡ್ಡ ಕ್ಷೇತ್ರ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು 1975ರಲ್ಲಿ ದೀಕ್ಷೆ ಪಡೆದದ್ದು ಇದೇ ಗುಡಿಯಲ್ಲಿ. ಅಂಥ ಹೆಸರಾಂತ ಕಲಾವಿದರ ಹಾಡು ದಾಖಲಾಗುತ್ತದೆ. ಜಾತ್ರೆಯಲ್ಲಿ ಮರದ ಕೆಳಗೆ ಕೂತು ಚೌಡಿಕೆ ಬಾರಿಸಿ ಹೋದ ನೂರಾರು ಮಂದಿಯದು? ಅದು ಇದ್ದರೆ ಇಂಥ ಮನೆಟೇಪುಗಳ ಹಿನ್ನೆಲೆಯಲ್ಲಿ, ಯಾರೂ ಬೇಕೆಂದು ಹಿಡಿಯದೆ, ತಾನಾಗಿ ಸಿಕ್ಕಿಬಿದ್ದದ್ದು.

ವಿದ್ವಾಂಸರು ಮಾಡುವ ಕೆಲಸ ಬೇರೆ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ತುಳುವಿನ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿದ್ದನ್ನು ಫಿನ್‌ಲ್ಯಾಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಇವರೆಲ್ಲ ಸೇರಿ ಧ್ವನಿ ಮತ್ತು ವಿಡಿಯೋ ಎರಡರಲ್ಲೂ ಹಿಡಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪುಸ್ತಕವಾಗಿ ಬಂತು. ಹಾಡುಗಾರ ಯಾರು, ಎಲ್ಲಿ, ಯಾವಾಗ ಹಾಡಿದ ಅನ್ನೋದೆಲ್ಲ ಬರೆದಿಟ್ಟ ಕೆಲಸ ಅದು. ಆದರೆ ನಮ್ಮ ನಿಮ್ಮ ಅಜ್ಜಿಯರ ಸೋಬಾನಕ್ಕೆ ಯಾವ ಹೊಂಕೊ ಬರುತ್ತಾರೆ? ಅಲ್ಲಿಗೆ ನಾವೇ ಹೋಗಬೇಕು.

ಈಗ ಬಂದಿರುವ ಹೊಸ ಭಯದ ಬಗ್ಗೆ ಒಂದು ಮಾತು. ಮೊದಲು ಸಿನಿಮಾ ಹಾಡು ಮಾಡುತ್ತಿದ್ದ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮಾಡುತ್ತಿವೆ. "ನಾಯ್ಸ್ ತೆಗೆದು ಕೊಡ್ತೀವಿ" ಅಂತಾರೆ. ಆ ತಂತ್ರಾಂಶದ ಲೆಕ್ಕದಲ್ಲಿ ಎದುರಿಗೆ ನಿಂತು ಮಾತಾಡುವವನ ದನಿ ಮಾತ್ರ ದನಿ, ಉಳಿದದ್ದೆಲ್ಲ ಗದ್ದಲ. ಹುಲಿಗಿ ಜಾತ್ರೆಯ ಟೇಪಿಗೆ ಅದನ್ನು ಹಚ್ಚಿದರೆ ಚೌಡಿಕೆ ಗದ್ದಲ, ಉಧೋ ಗದ್ದಲ, ಮೈಕಿನಿಂದ ದೂರ ನಿಂತು ಮೊಮ್ಮಗನನ್ನು ಕರೆದ ಮುದುಕಿಯೂ ಗದ್ದಲವೇ. ತೆಗೆದು ಒಗೆದುಬಿಡುತ್ತದೆ. ಮುಖ ಸ್ವಚ್ಛ ಮಾಡುವ ಆಪುಗಳದೂ ಇದೇ ಹಣೆಬರಹ. ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಅಜ್ಜಿಯ ಮುಖದ ಮೇಲೆ ಯಾರದೋ ಚರ್ಮ. ಮಾಡಲೇಬೇಡಿ ಅನ್ನೋದಿಲ್ಲ, ಆದರೆ ಪ್ರತಿಯ ಮೇಲೆ ಮಾಡಿ, ಮೂಲ ಹಾಗೇ ಇರಲಿ.

"ಅಷ್ಟೆಲ್ಲ ಉದ್ದ ಯಾರು ನೋಡ್ತಾರೆ, ಹತ್ತು ನಿಮಿಷಕ್ಕೆ ಕತ್ತರಿಸಿ ಇಟ್ಟರೆ ಸಾಕಲ್ಲ?" ಅಂತ ಕೆಲವರ ವಾದ. ನೋಡುವುದಕ್ಕೆ ಹತ್ತು ನಿಮಿಷದ್ದು ಖಂಡಿತ ಮಾಡಿಕೊಳ್ಳಿ. ಆದರೆ ಕತ್ತರಿಸುವವರು ಕಣ್ಣಿಂದ ಕತ್ತರಿಸುತ್ತಾರೆ. ಕ್ಯಾಮೆರಾ ಆಫ್ ಮಾಡಲು ಮರೆತು ನೆಲ ತೋರಿಸುತ್ತಾ ಹೋದ ಎರಡು ನಿಮಿಷವೇ ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ಕ್ಯಾಮೆರಾ ಇದೆ ಅನ್ನೋದನ್ನು ಮರೆತು ಎಲ್ಲರೂ ಸಹಜವಾಗಿ ಮಾತಾಡಿರುವುದು ಆ ಎರಡು ನಿಮಿಷದಲ್ಲೇ.

"ಜಾಗ ಎಲ್ಲಿದೆ?" ಅನ್ನೋದು ಇನ್ನೊಂದು ವಾದ. ಲೆಕ್ಕ ಹಾಕೋಣ. ಮಿನಿಡಿವಿಯ ಒಂದು ಗಂಟೆಗೆ ಸುಮಾರು 13 ಜಿಬಿ. ಹತ್ತು ಟೇಪಿದ್ದರೆ 130 ಜಿಬಿ. ವಿಎಚ್‌ಎಸ್ ಅನ್ನು ಏನೂ ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ, ಎಫ್‌ಎಫ್‌ವಿ1 ಥರದ, ಗುಣ ಕಳೆಯದೆ ಕುಗ್ಗಿಸುವ ವಿಧಾನದಲ್ಲಿ ಅದು ಬಹಳ ಇಳಿಯುತ್ತದೆ. ಒಂದು ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಒಂದು ಮನೆಯ ಹತ್ತು-ಹದಿನೈದು ಟೇಪು ಆರಾಮಾಗಿ ಕೂರುತ್ತವೆ. ಇದಕ್ಕೆ ಹೋಲಿಸಿದರೆ ಆ ಕಾಲದ ವಿಸಿಡಿ ಏನು ಮಾಡುತ್ತಿತ್ತು ಗೊತ್ತಾ? 720×576ರ ಚಿತ್ರವನ್ನು 352×288ಕ್ಕೆ ಇಳಿಸುತ್ತಿತ್ತು, ಅಂದರೆ ಕಾಲು ಭಾಗ. ಸೆಕೆಂಡಿಗೆ 50 ಅರ್ಧಚಿತ್ರಗಳಿದ್ದ ಕಡೆ 25 ಮಾತ್ರ. ಹಾಗಾಗಿ "ನಮ್ಮದು ಆಗಲೇ ಸಿಡಿಗೆ ಹಾಕಿಸಿ ಆಗಿದೆ" ಅನ್ನುವವರು ದಯವಿಟ್ಟು ಟೇಪನ್ನು ಮತ್ತೆ ಹುಡುಕಿ.

ಟೇಪು ಇರುವವರಿಗೆ ನನ್ನ ಸಲಹೆಗಳು ಇಷ್ಟು:

1. ಮೊದಲು ಟೇಪಿನ ಮೇಲೆ ಬೇರೆ ಏನೂ ರೆಕಾರ್ಡ್ ಆಗದಂತೆ ಮಾಡಿ. ವಿಎಚ್‌ಎಸ್‌ನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರು ಮುರಿಯಿರಿ. ಮಿನಿಡಿವಿಯಲ್ಲಿ ಚಿಕ್ಕ ಗುಂಡಿಯನ್ನು ಸೇವ್ ಕಡೆ ಸರಿಸಿ.

2. ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ. ಆ ಟೇಪೂ ಹಾಳು, ಆಮೇಲೆ ಹಾಕುವ ಟೇಪುಗಳಿಗೂ ಅಂಟುತ್ತದೆ. ತಿಳಿದವರಿಂದ ಸ್ವಚ್ಛ ಮಾಡಿಸಿ.

3. ಮಿನಿಡಿವಿಯನ್ನು ಹಳದಿ-ಬಿಳಿ ಪಿನ್ನಿನ ವೈರಿನಿಂದ ಇಳಿಸಬೇಡಿ. ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರ್ ಹುಡುಕಿ. ಅದರಲ್ಲಿ ಟೇಪಿನ ಅಂಕಿಗಳು ಇದ್ದ ಹಾಗೇ ಬರುತ್ತವೆ, ಎರಡೂ ಜೊತೆ ದನಿ ಬರುತ್ತದೆ, ಕ್ಯಾಮೆರಾದ ಗಡಿಯಾರ ಸರಿ ಇದ್ದಿದ್ದರೆ ದಿನಾಂಕ, ಸಮಯ ಕೂಡ ಸಿಗುತ್ತದೆ.

4. ಸ್ಟುಡಿಯೋಗೆ ಕೊಡುವುದಾದರೆ ಚೀಟಿ ಬರೆದು ಕೊಡಿ: ಹಾಡು ಹಾಕಬೇಡಿ, ಕತ್ತರಿಸಬೇಡಿ, ನಾಯ್ಸ್ ತೆಗೆಯಬೇಡಿ, ಎಂಪಿ4 ಜೊತೆಗೆ ಮೂಲ ಕಡತವನ್ನೂ ಕೊಡಿ, ಟೇಪು ವಾಪಸ್ ಕೊಡಿ. ನಗುತ್ತಾರೆ, ನಗಲಿ.

5. ಬಂದ ಕಡತವನ್ನು ಒಮ್ಮೆ ಟಿವಿ ನೋಡದೆ, ಹೆಡ್‌ಫೋನ್ ಹಾಕಿಕೊಂಡು ಬರೀ ಕೇಳಿ. ಎಡ-ಬಲ ಎರಡೂ ಬಂದಿದೆಯಾ ನೋಡಿ. ಒಂದೇ ಡಿಸ್ಕಿನಲ್ಲಿ ಇಡಬೇಡಿ, ಬೇರೆ ಊರಿನ ನೆಂಟರ ಮನೆಯಲ್ಲಿ ಇನ್ನೊಂದು ಪ್ರತಿ ಇರಲಿ.

6. ಇಳಿಸಿದ ಮೇಲೂ ಟೇಪು ಎಸೆಯಬೇಡಿ. ನಮ್ಮ ಜಾತ್ರೆ ಟೇಪು ಇದ್ದದ್ದರಿಂದಲೇ ವಿಸಿಡಿಯಲ್ಲಿ ಇಲ್ಲದ್ದು ಸಿಕ್ಕಿತು.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ಕೆಲಸಕ್ಕೆ ಯಾವ ಕೇಬಲ್ಲೂ ಬೇಡ. ದನಿ ಯಾರದು ಅಂತ ಹೇಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಬರೆದಿಡಿ. ಮುಖವನ್ನಾದರೆ ಇನ್ನೊಂದು ಫೋಟೋದ ಜೊತೆ ಹೋಲಿಸಿ ಗುರುತಿಸಬಹುದು. ದನಿಯನ್ನು ಗುರುತಿಸಲು ಅದನ್ನು ಮೊದಲು ಕೇಳಿದವರೇ ಬೇಕು. ನಮ್ಮ ಟೇಪಿನಲ್ಲಿ ಅಜ್ಜಿಯ ಜೊತೆ ಇನ್ನೂ ಇಬ್ಬರು ಹೆಂಗಸರು ಮಾತಾಡಿದ್ದಾರೆ. ಒಬ್ಬರು ಯಾರು ಅಂತ ಅವ್ವ ಹೇಳಿದಳು. ಇನ್ನೊಬ್ಬರದು ಅವ್ವನಿಗೂ ತಿಳಿಯಲಿಲ್ಲ, ದೊಡ್ಡವ್ವನಿಗೆ ಕೇಳಿಸಬೇಕು ಅಂದಳು. ದೊಡ್ಡವ್ವನಿಗೆ ಎಪ್ಪತ್ತೆಂಟು, ಕಿವಿ ಸ್ವಲ್ಪ ಮಂದ. ಮುಂದಿನ ಹುಣ್ಣಿಮೆಗೆ ಹುಲಿಗಿಗೆ ಹೋದಾಗ ಒಳ್ಳೆಯ ಹೆಡ್‌ಫೋನ್ ಒಯ್ಯುತ್ತಿದ್ದೇನೆ.

ನಿಮ್ಮ ಮನೆಯ ಅಟ್ಟದ ಮೇಲೆ ಏನಿದೆ? ಹಾಡಿನ ಕೆಳಗಿನ ಮಾತು ಯಾರಿಗಾದರೂ ಸಿಕ್ಕಿದ್ದರೆ, ಕೆಲಸ ಮಾಡುವ ಹೈಫೈ ವಿಸಿಆರ್ ಯಾರ ಬಳಿಯಾದರೂ ಇದ್ದರೆ ತಿಳಿಸಿ. ಕೊಪ್ಪಳ, ಗಂಗಾವತಿ ಕಡೆಯವರಾದರೆ ನಾನೇ ಬಂದು ಇಳಿಸಿಕೊಡುತ್ತೇನೆ, ಚಹಾ ಕೊಟ್ಟರೆ ಸಾಕು :-)